ಹರಿಗೋಲು ಹೆಣೆದರಷ್ಟೇ ಸಾಲದು, ನೀರು ನುಗ್ಗಬಾರದು!

ಹಂಪಿಯ ವಿರೂಪಾಕ್ಷನ ಗುಡಿಯಿಂದ ತುಂಗಭದ್ರೆಯ ಆಚೆಗೆ ಕಣ್ಣು ಹಾಯಿಸಿದರೆ ಕಾಣುವುದೇ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ. ಬಂಡೆಗಲ್ಲು, ಬತ್ತದ ಗದ್ದೆ, ಬಾಳೆತೋಟ. ಹರಿಗೋಲಿನಲ್ಲಿ ಈ ಹೊಳೆ ದಾಟಿದ ಸೋದರಿಯರಿಗೆ ಗೊತ್ತು, ಬುಟ್ಟಿ ಗಿರ್ರನೆ ತಿರುಗಿದಾಗ ಎದೆ ಹೇಗೆ ಝಲ್ಲೆನ್ನುತ್ತದೆಂದು! ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಇಂಥ ದುಂಡು ದೋಣಿಗಳ ವಿಷಯ ಬರೆದಿಟ್ಟಿದ್ದಾನೆ. ಬುಟ್ಟಿ ಹೆಣೆಯುವುದು ಅರ್ಧ ಕೆಲಸ. ನೀರು ನುಗ್ಗದಂತೆ ಮಾಡಿದ ಮೇಲೆಯೇ ಅದು ಹರಿಗೋಲು.

ಈ ಮಾತು ಈಗೇಕೆ ಅಂತೀರಾ? ಕಂಪ್ಯೂಟರಿನ ಪ್ರೋಗ್ರಾಮಿಗೂ ಇದೇ ಮಾತು ಸಲ್ಲುತ್ತದೆ.

ಸಂಜೆಗೇ ಸಿದ್ಧ!

2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಸಂಘದ ಲೆಕ್ಕಪುಸ್ತಕ ಅನೇಕ ಹೆಣ್ಣುಮಕ್ಕಳ ಕೈಗೆ ಬಂತು. ವಾರದ ಉಳಿತಾಯ, ಸಾಲ, ಬಡ್ಡಿ, ಬಾಕಿ... ಒಂದು ಅಂಕಿ ತಪ್ಪಿದರೆ ರಾತ್ರಿಯೆಲ್ಲಾ ನಿದ್ದೆಯಿಲ್ಲ. ಈಗ ಗಿಟ್‌ಹಬ್ ಕೋಪೈಲಟ್, ಕ್ಲಾಡ್ ಕೋಡ್‌ನಂಥ ಕೃತಕ ಬುದ್ಧಿಮತ್ತೆಯ ಸಹಾಯಕರಿದ್ದಾರೆ. "ನಮ್ಮ ಸಂಘದ ಲೆಕ್ಕಕ್ಕೊಂದು ಪ್ರೋಗ್ರಾಮು ಬೇಕು" ಎಂದು ಕನ್ನಡದಲ್ಲೇ ಹೇಳಿದರೂ ಬರೆದುಕೊಡುತ್ತವೆ. ಬರೆಸುವಾಗ ಇಂಟರ್ನೆಟ್ ಬೇಕು. ಆಮೇಲೆ ಅದನ್ನು ಮನೆಯ ಕಂಪ್ಯೂಟರಿನಲ್ಲೇ ಕೂರಿಸಿಕೊಂಡರೆ ನೆಟ್ ಇಲ್ಲದಾಗಲೂ ನಡೆಯುತ್ತದೆ. ಕಾಲೇಜಿಗೆ ಹೋಗುವ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ, ಸಂಜೆಯೊಳಗೆ ಒಂದು ಚೆಂದದ ಪರದೆ ಮೂಡುತ್ತದೆ.

ಆದರೆ ಚೆಂದಕ್ಕೆ ಮರುಳಾಗಬೇಡಿ! ಪ್ರೋಗ್ರಾಮಿನ ಸಾಲುಗಳನ್ನು ನೋಡದೆಯೇ ಹೀಗೆ ಬರೆಸುವ ರೀತಿಗೆ 2025ರ ಫೆಬ್ರವರಿಯಲ್ಲಿ 'ವೈಬ್ ಕೋಡಿಂಗ್' ಎಂದು ಹೆಸರಿಟ್ಟ ಆಂಡ್ರೆ ಕಾರ್ಪತಿ ಅವರೇ, ಬಳಸಿ ಬಿಸಾಡುವ ವಾರಾಂತ್ಯದ ಕೆಲಸಗಳಿಗೆ ಇದು ಪರವಾಗಿಲ್ಲ ಎಂದಿದ್ದರು. ಸಂಘದ ಹಣ ಬಳಸಿ ಬಿಸಾಡುವಂಥದೇ?

ನೂರೋ, ತೊಂಬತ್ತೋ?

ಒಂದು ಲೆಕ್ಕ ಹಾಕೋಣ. ಸದಸ್ಯೆಯೊಬ್ಬಳು 5,000 ರೂಪಾಯಿ ಸಾಲ ಪಡೆದಳೆನ್ನಿ. ತಿಂಗಳಿಗೆ ಶೇಕಡಾ 2 ಬಡ್ಡಿ, ಅಸಲಿನ ಕಂತು 500. ಮೊದಲ ತಿಂಗಳ ಬಡ್ಡಿ 100. ಎರಡನೆಯ ತಿಂಗಳು? ಉಳಿದ 4,500ಕ್ಕೆ ಲೆಕ್ಕ ಹಾಕಿದರೆ 90. ಮೊದಲಿನ 5,000ಕ್ಕೇ ಹಾಕಿದರೆ ಮತ್ತೆ 100. ಹತ್ತು ಕಂತಿಗೆ ಒಂದು ರೀತಿಯಲ್ಲಿ 550, ಇನ್ನೊಂದರಲ್ಲಿ 1,000. ವ್ಯತ್ಯಾಸ 450 ರೂಪಾಯಿ! ನಿಮ್ಮ ಸಂಘದ ಪದ್ಧತಿ ಯಾವುದೆಂದು ಬಿಡಿಸಿ ಹೇಳದಿದ್ದರೆ ಯಂತ್ರ ತನಗೆ ತೋಚಿದ್ದನ್ನು ಬರೆಯುತ್ತದೆ, ಅದೂ ಬಹಳ ಧೈರ್ಯದಿಂದ. ಈ ತಪ್ಪು ಎಂಜಿನಿಯರಿಗಿಂತ ಮೊದಲು ನಿಮ್ಮ ಕಣ್ಣಿಗೇ ಬೀಳುತ್ತದೆ, ಯಾಕೆಂದರೆ ಲೆಕ್ಕ ನಿಮ್ಮದು.

2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿದರು. ಪ್ರವಾಸಿಗರನ್ನು ನಂಬಿದ ದುಡಿಮೆ ಹೇಗೆ ನಿಂತುಬಿಡಬಹುದೆಂದು ಆ ಊರಿಗೆ ಗೊತ್ತು. ಅಂಥ ದಿನಕ್ಕೆ ಒದಗುವ ಗಂಟು ಸಂಘದ ಉಳಿತಾಯ. ಅದರ ಲೆಕ್ಕ ತಪ್ಪಿದರೆ ಹಣದ ಜೊತೆಗೆ ನಂಬಿಕೆಯೂ ಹೋಗುತ್ತದೆ.

ಈ ಐದನ್ನು ಮರೆಯದಿರಿ

1. ಹಳೆಯ ಪುಸ್ತಕದ ಮೂರು ತಿಂಗಳ ಲೆಕ್ಕವನ್ನು ಹಾಕಿ ತಾಳೆ ನೋಡಿ. "ಎಲ್ಲ ಸರಿಯಿದೆ" ಎಂದು ಯಂತ್ರ ಹೇಳಿದರೆ ಸಾಲದು. ಅರ್ಧ ಕಂತು ಕಟ್ಟಿದರೆ? ಗುಂಡಿಯನ್ನು ಎರಡು ಸಲ ಒತ್ತಿದರೆ ಕಂತೂ ಎರಡಾಗುತ್ತದೆಯೇ? ಬೇಕೆಂದೇ ತಪ್ಪು ಮಾಡಿ ನೋಡಿ.

2. ಬರೆಯುತ್ತಿರುವಾಗಲೇ ಕರೆಂಟು ಹೋದರೆ? ಎಸ್‌ಕ್ಯೂಎಲೈಟ್ ಎಂಬ ಉಚಿತ ದತ್ತಸಂಚಯದಲ್ಲಿ, ಒಂದು ಜಮೆಯ ಎಲ್ಲ ಅಂಕಿಗಳೂ ಒಟ್ಟಿಗೇ ದಾಖಲಾಗುವಂತೆ ಮಾಡಲು ಸಾಧ್ಯ. ಇಲ್ಲವಾದರೆ ಯಾವುದೂ ದಾಖಲಾಗದು. ಹಾಗೆಯೇ ಮಾಡೆಂದು ಹೇಳಿ.

3. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಪ್ರತಿ ತೆಗೆದಿಡಿ. ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡಿ. ತೆರೆಯದ ಡಬ್ಬಿಯಲ್ಲಿ ಉಪ್ಪಿನಕಾಯಿ ಕೆಟ್ಟಿದ್ದು ಹೇಗೆ ತಿಳಿಯಬೇಕು?

4. ಸದಸ್ಯೆಯರ ಆಧಾರ್, ಬ್ಯಾಂಕ್ ಖಾತೆಯ ನಂಬರುಗಳನ್ನು ಸಹಾಯಕನಿಗೆ ಕೊಡಲೇಬೇಡಿ. ಪರೀಕ್ಷೆಗೆ ಕಲ್ಪಿತ ಹೆಸರುಗಳು ಸಾಕು.

5. ಹೊಸದೇನಾದರೂ ಸೇರಿಸುವ ಮುನ್ನ, ಸರಿಯಾಗಿ ನಡೆಯುತ್ತಿರುವುದರ ಒಂದು ಪ್ರತಿ ಉಳಿಸಿಕೊಳ್ಳಿ. ಒಂದನ್ನು ತಿದ್ದಲು ಹೋಗಿ ಮತ್ತೊಂದು ಕೆಡುವುದುಂಟು.

ಬೇರೆ ಸಂಘಗಳಿಗೂ ಕೊಡುವ ಆಸೆಯೇ? ಡಿಜಿಟಲ್ ಸಹಿಯಿಲ್ಲದ ಪ್ರೋಗ್ರಾಮನ್ನು ಕೂರಿಸಲು ಹೋದರೆ ವಿಂಡೋಸ್ ಎಚ್ಚರಿಕೆ ತೋರಿಸಬಹುದು. ಆ ಹಂತದಲ್ಲಿ ಬಲ್ಲ ಎಂಜಿನಿಯರೊಬ್ಬರಿಗೆ ತೋರಿಸುವುದೇ ಜಾಣತನ.

"ನಮ್ಮ ಕೈಲಿ ಇದೆಲ್ಲಾ ಆಗತೈತೇನ್ರೀ?" ಎನ್ನಬೇಡಿ. 1998ರಲ್ಲಿ ಶೇಷಾದ್ರಿವಾಸು ಅವರು ಕನ್ನಡಕ್ಕೆ 'ಬರಹ' ತಂತ್ರಾಂಶ ಕೊಟ್ಟರು. ಒಂದೇ ಸಲಕ್ಕೆ ಮುಗಿಸಿ ಕೈತೊಳೆದುಕೊಳ್ಳಲಿಲ್ಲ, ತಿದ್ದಿ ತೀಡಿ ಆವೃತ್ತಿಯ ಮೇಲೆ ಆವೃತ್ತಿ ಹೊರತಂದರು. ಜನ ನಂಬಿ ಬಳಸಿದರು.

ನೀವೂ ಆತುರಪಡಬೇಡಿ. ಮೂರು ತಿಂಗಳು ಪುಸ್ತಕವೂ ಇರಲಿ, ಕಂಪ್ಯೂಟರೂ ಇರಲಿ. ಪ್ರತಿ ವಾರ ಎರಡೂ ತಾಳೆಯಾದರೆ ಆಮೇಲೆ ಕಂಪ್ಯೂಟರನ್ನು ನಂಬಿ. ಹೊಸ ಹರಿಗೋಲನ್ನು ಮೊದಲು ದಡದ ಬಳಿಯೇ ತೇಲಿಸಿ ನೋಡಬೇಕಲ್ಲವೇ? ನಡುಹೊಳೆಗೆ ಆಮೇಲೆ ಹೋದರಾಯಿತು!