ಕೆರೆಯಿಂದ ಕಡಲಿಗೆ: ತೇಲುಜೀವಿಗಳ ಯಾತ್ರೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರೂ ಉಂಟು. ಕೆರೆಯನ್ನು ಸಾಗರವೆನ್ನುವುದು ಅತಿಶಯೋಕ್ತಿಯಾಗಿ ತೋರಬಹುದು. ಆದರೆ ಅದರ ನೀರನ್ನು ನವಿರಾದ ಬಲೆಯಲ್ಲಿ ಸೋಸಿ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಆ ಹೆಸರು ಒಪ್ಪುವಂಥದೇ ಎನಿಸದಿರದು. ಕಡಲಿನಂತೆ ಅಲ್ಲಿಯೂ ತೇಲುವ ಅಣುಪ್ರಾಣಿಗಳ ಪ್ರಪಂಚವೊಂದಿದೆ. ಇಂಥ ಜೀವಿಗಳನ್ನು ಜರ್ಮನಿಯ ವಿಕ್ಟರ್ ಹೆನ್ಸೆನ್ 1887ರಲ್ಲಿ ‘ಪ್ಲಾಂಕ್ಟನ್’ ಎಂದು ಕರೆದನು. ಅಲೆಯುವುದು ಎಂಬರ್ಥದ ಗ್ರೀಕ್ ಮೂಲದಿಂದ ಬಂದ ಪದವದು. ಕನ್ನಡದಲ್ಲಿ ಅದು ಪ್ಲವಕ.

ಪ್ಲವಕಪ್ರಾಣಿಗಳು ಈಜಲಾರವೆಂದಲ್ಲ, ಪ್ರವಾಹಕ್ಕೆ ಎದುರಾಗಿ ಈಜಲಾರವು. ಆದುದರಿಂದ ಅವುಗಳ ನೆಲೆಯನ್ನು ಗೊತ್ತುಮಾಡುವುದು ನೀರಿನ ನಡೆ. ನಿಂತ ಕೆರೆಯಲ್ಲಿ ಡ್ಯಾಫ್ನಿಯಾ, ರೋಟಿಫರ್ ಮೊದಲಾದವು ಕೆಲವೇ ದಿನಗಳಲ್ಲಿ ಸಂತಾನವನ್ನು ಪಡೆದು ತುಂಬಿಕೊಳ್ಳುತ್ತವೆ. ಮುಂಗಾರಿನಲ್ಲಿ ಹೊನ್ನಾಳಿಯ ಬಳಿ ಉಕ್ಕಿ ಹರಿಯುವ ತುಂಗಭದ್ರೆಯಲ್ಲಾದರೋ ಸಂಸಾರ ಹೂಡುವ ಮೊದಲೇ ಕೊಚ್ಚಿಹೋಗುತ್ತವೆ.

ಕಡಲಿನಲ್ಲಿ ಈ ನಿಯಮವೇ ವಿಶಾಲವಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಾಭಿಮುಖವಾಗಿ ಸಾಗುತ್ತದೆ. ಆಗ ಆಳದ ತಣ್ಣೀರು ಲವಣಪೋಷಕಗಳನ್ನು ಹೊತ್ತು ಮೇಲೇರುತ್ತದೆ, ಸಸ್ಯಪ್ಲವಕ ಚಿಗುರುತ್ತದೆ, ಅದನ್ನುಂಡು ಕೋಪೆಪಾಡ್‌ಗಳೆಂಬ ಕಿರುಪ್ರಾಣಿಗಳು ಹೆಚ್ಚುತ್ತವೆ, ಬೂತಾಯಿ, ಬಂಗುಡೆಗಳು ಇವನ್ನು ಅರಸಿ ಬರುತ್ತವೆ. ಆದರೆ ಇದೇ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅದು ದಡದತ್ತ ಹೆಚ್ಚಾಗಿ ಹಬ್ಬಿದರೆ, ಉಸಿರಿಗಾಗಿ ಮೀನೂ ಪ್ಲವಕವೂ ಮೇಲಿನ ತೆಳುಪದರಕ್ಕೆ ಒತ್ತರಿಸಲ್ಪಡುತ್ತವೆ. ಅನ್ನವಿತ್ತ ಪ್ರವಾಹವೇ ಉಸಿರು ಕಟ್ಟಿಸುವುದೂ ಉಂಟು. ಬೆಸ್ತರ ಬಾಳು ಈ ತೂಕದ ಮೇಲೆ ನಿಂತಿದೆ.

ಚಳಿಗಾಲದಲ್ಲಿ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತದೆ. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರು ಸಿಂಹಳವನ್ನು ಬಳಸಿ ನಮ್ಮ ತೀರಕ್ಕೆ ಬರುತ್ತದೆ. ಅದರೊಡನೆ ಅಲ್ಲಿಯ ಜೀವಿಗಳೂ ಬರುತ್ತವೆ. ಹಲವು ಕೋಪೆಪಾಡ್‌ಗಳು ಹಗಲಲ್ಲಿ ಆಳಕ್ಕಿಳಿದು ಇರುಳಲ್ಲಿ ಮೇಲೇರುತ್ತವೆ. ಮೇಲಿನ ನೀರು ಒಂದು ದಿಕ್ಕಿಗೆ, ಆಳದ ನೀರು ಇನ್ನೊಂದು ದಿಕ್ಕಿಗೆ ಸಾಗುವೆಡೆಯಲ್ಲಿ ಈ ಏರಿಳಿತವೇ ಅವನ್ನು ನೆಲೆಯಲ್ಲಿ ಉಳಿಸಬಲ್ಲುದು.

1960ರ ದಶಕದ ಮೊದಲರ್ಧದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯಲ್ಲಿ ಹಲವು ದೇಶಗಳ ಹಡಗುಗಳು ಪ್ಲವಕವನ್ನು ಸಂಗ್ರಹಿಸಿದುವು. ಅದನ್ನು ವಿಂಗಡಿಸಿದ್ದು ಕೊಚ್ಚಿಯಲ್ಲಿ. ಭಾರತದ ನೌಕೆಗಳಲ್ಲೊಂದರ ಹೆಸರು ‘ಕಿಸ್ತ್ನಾ’, ಎಂದರೆ ನಮ್ಮ ಕೃಷ್ಣೆ.

ಆ ಕೃಷ್ಣೆಗೂ ಈ ಕಥೆಯಲ್ಲಿ ಪಾತ್ರವಿದೆ. ನ್ಯಾಮತಿಯ ಹಳ್ಳಗಳ ನೀರೂ ಜಗಳೂರಿನ ಅಪರೂಪದ ಮಳೆಯೂ ಇಳಿಯುವುದು ಅವಳ ಕಡೆಗೇ. ಬಂಗಾಳ ಕೊಲ್ಲಿಯನ್ನು ಸಪ್ಪೆಯಾಗಿಸುವ ನದಿಗಳಲ್ಲಿ ಗಂಗೆ, ಬ್ರಹ್ಮಪುತ್ರೆಯರದು ಹಿರಿಯ ಪಾಲು, ಕೃಷ್ಣೆಯದು ಕಿರಿದು. ಅಣೆಕಟ್ಟುಗಳು ಅವಳ ನೀರನ್ನು ಹಿಡಿದಿಡುವ ಬರದ ವರ್ಷಗಳಲ್ಲಿ ಅದೂ ಕಡಲನ್ನು ಸೇರುವುದು ಅತ್ಯಲ್ಪ. ಒಳನಾಡಿನ ಬೇಸಾಯಕ್ಕೆ ಆ ನೀರು ಬೇಕು, ನಿಜ. ಆದರೆ ಕಡಲಿಗೆ ಸೇರಿದ ನೀರು ವ್ಯರ್ಥವಾಯಿತೆಂದು ಹೇಳುವಾಗ, ಅದನ್ನು ನಂಬಿದ ಜೀವಿಗಳೂ ಅಲ್ಲಿವೆಯೆಂಬುದನ್ನು ಎಣಿಕೆಗೆ ತಂದುಕೊಳ್ಳುವುದು ಉಚಿತ.