ಹೊಸ ರ‍್ಯಾಮ್ ಹಾಕಿದ ಮೇಲೆ ಬೋರ್ಡ್ ಹೋಯಿತೇ?

ಸಿರುಗುಪ್ಪದ ಅಕ್ಕಿ ಗಿರಣಿಯ ಕಚೇರಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಲೆಕ್ಕದ ಕೋಣೆ, ಕುರುಗೋಡಿನ ಝೆರಾಕ್ಸ್ ಅಂಗಡಿ. ಇಂಥ ಕಡೆಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದಿನವಿಡೀ ದುಡಿಯುತ್ತಿವೆ. ಅವು ನಿಧಾನವಾದಾಗ ಮೊದಲು ಸಿಗುವ ಸಲಹೆ ಒಂದೇ: "ರ‍್ಯಾಮ್ ಹಾಕಿಸ್ರಿ." ಸಲಹೆ ಬಹಳ ಸಲ ಸರಿಯಾದದ್ದೇ. ತೊಂದರೆ ಶುರುವಾಗುವುದು ಹಾಕಿಸಿದ ಮೇಲೆ. ಪರದೆ ಕಪ್ಪಾಗಿಯೇ ಉಳಿಯುತ್ತದೆ, ಒಳಗಿನಿಂದ ಬೀಪ್ ಸದ್ದು ಬರುತ್ತದೆ, ಇಲ್ಲವೇ ನೀಲಿ ಪರದೆ ಬಂದು ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ಆಗ ಬರುವ ತೀರ್ಪು "ಬೋರ್ಡ್ ಹೋಗೈತಿ." ಆ ಎರಡು ಪದ ನಂಬಿದರೆ ಹೊಸ ಬೋರ್ಡು, ಅದಕ್ಕೆ ತಕ್ಕ ಪ್ರೊಸೆಸರು, ಮತ್ತೆ ಬೇರೆ ರ‍್ಯಾಮ್ ಎಂದು ಸಾವಿರಾರು ರೂಪಾಯಿ ಕೈಬಿಟ್ಟು ಹೋಗುತ್ತದೆ. ರ‍್ಯಾಮ್ ಹಾಕಿದ ಮರುಗಳಿಗೆ ಬಂದ ತೊಂದರೆಯಲ್ಲಿ ಬೋರ್ಡು ನಿಜವಾಗಿ ಸತ್ತಿರುವುದು ಅಪರೂಪ. ಹೊಂದಿಕೆ ತಪ್ಪಿರುವುದೇ ಹೆಚ್ಚು.

"ಪಿನ್ ಕುಂತ್ರ ಸಾಕ್ರಿ, ಯಾವ ರ‍್ಯಾಮ್ ಆದ್ರೂ ನಡೀತೈತಿ"

ಹೆಚ್ಚು ಹಣ ಕಳೆಯುವ ನಂಬಿಕೆ ಇದು. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್, ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288. ಲೆಕ್ಕ ಒಂದೇ ಆದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪು ತಲೆಮಾರಿನದು ಕೂರಬಾರದು ಎಂದೇ ಅದನ್ನು ಹಾಗೆ ಮಾಡಿದ್ದಾರೆ. ಕೆಲಸ ಮಾಡುವ ವೋಲ್ಟೇಜೂ ಬೇರೆ: ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಕಚ್ಚು ಹೊಂದದಿದ್ದಾಗ ಬಲ ಹಾಕಿ ಒತ್ತಿದರೆ ಸ್ಲಾಟು ಮುರಿಯುತ್ತದೆ, ಆಗ ಮಾತ್ರ ಬೋರ್ಡ್ ನಿಜಕ್ಕೂ ಹೋದಂತೆ.

ಕಚ್ಚು ಹೊಂದಿ ಸಲೀಸಾಗಿ ಕೂತರೂ ಕತೆ ಮುಗಿಯುವುದಿಲ್ಲ. ಹಳೆಯ ಕೋರ್ 2 ಡ್ಯುಯೊ ಯಂತ್ರಗಳಲ್ಲಿ ಸಾಮಾನ್ಯವಾದ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಬೋರ್ಡನ್ನೇ ನೋಡಿ. ಡಿಡಿಆರ್3 ಸ್ಲಾಟಿರುವ ಜಿ41ಕ್ಕೆ 4 ಜಿಬಿಯ ರ‍್ಯಾಮ್ ಕಡ್ಡಿ ಹಾಕಬಹುದು, ಆದರೆ ಎರಡೂ ಬದಿ ಸೇರಿ 16 ಚಿಪ್ ಇರುವಂಥದ್ದೇ ಬೇಕು. ಈಚಿನ ವರ್ಷಗಳಲ್ಲಿ ಬಂದ, ಒಂದೇ ಬದಿಯಲ್ಲಿ 8 ಚಿಪ್ ಇರುವ 4 ಜಿಬಿ ಕಡ್ಡಿಯನ್ನು ಅದು ಓದಲಾರದು. ಒಂದೋ ಪರದೆ ಬರುವುದಿಲ್ಲ, ಇಲ್ಲವೇ ಅರ್ಧ ಮಾತ್ರ ತೋರಿಸುತ್ತದೆ. ಕಡ್ಡಿ ಹೊಸದು, ಬೋರ್ಡು ಸರಿಯಿದೆ, ಆದರೂ ಒಂದಕ್ಕೊಂದು ಒಗ್ಗುವುದಿಲ್ಲ. ಅದೇ ಕಡ್ಡಿಯನ್ನು ಎಚ್61 ಬೋರ್ಡಿಗೆ ಹಾಕಿದರೆ ಮಾತಿಲ್ಲದೆ ಓಡುತ್ತದೆ. ಎಚ್61ಕ್ಕೂ ಮಿತಿಯಿದೆ: ಎರಡು ಸ್ಲಾಟಿಗೆ 8 ಜಿಬಿಯಂತೆ ಒಟ್ಟು 16.

ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುವ ಕೆಲವು ಡಿಡಿಆರ್2, ಡಿಡಿಆರ್3 ಕಡ್ಡಿಗಳ ವಿವರದ ಮೂಲೆಯಲ್ಲಿ "ಎಎಂಡಿಗೆ ಮಾತ್ರ" ಎಂಬ ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಆ ಸಾಲು ನಿಜ. ಅವುಗಳೊಳಗಿನ ಚಿಪ್‌ಗಳ ಜೋಡಣೆಯೇ ಬೇರೆ, ಇಂಟೆಲ್ ಡೆಸ್ಕ್‌ಟಾಪ್ ಬೋರ್ಡು ಅದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೂ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ತರಿಸಿದರೂ ಕೊಳ್ಳುವ ಮುಂಚೆ ಬೋರ್ಡಿನ ಮಾಡೆಲ್ ಹೆಸರು ಕೈಯಲ್ಲಿರಬೇಕು. ಅದಕ್ಕೆ ಯಂತ್ರ ಬಿಚ್ಚಬೇಕಾಗಿಲ್ಲ. ವಿಂಡೋಸ್‌ನ ಸಿಸ್ಟಮ್ ಇನ್‌ಫರ್ಮೇಶನ್ ತೆರೆದರೆ ಬೇಸ್‌ಬೋರ್ಡ್ ಎಂಬ ಸಾಲುಗಳಲ್ಲಿ ಇರುತ್ತದೆ. ಸಿಪಿಯು–ಝಡ್ ಎಂಬ ಉಚಿತ ತಂತ್ರಾಂಶ ಈಗಿರುವ ಕಡ್ಡಿಯ ಜಾತಕವನ್ನೆಲ್ಲ ತೋರಿಸುತ್ತದೆ.

ಬೇರೆ ಬೇರೆ ಕಂಪನಿಯ ಕಡ್ಡಿಗಳು ಕೂಡಿ ಬಾಳುವುದಿಲ್ಲ ಎಂಬ ಹೆದರಿಕೆ ಮಾತ್ರ ಅತಿಯಾದದ್ದು. ತಲೆಮಾರು ಒಂದೇ ಆಗಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ, ಎರಡೂ ನಿಧಾನದ ಕಡ್ಡಿಯ ವೇಗಕ್ಕೆ ಇಳಿಯುತ್ತವೆ, ಅಷ್ಟೆ.

"ಡಿಸ್‌ಪ್ಲೇ ಬರಲಿಲ್ಲ ಅಂದ್ರ ಬೋರ್ಡ್ ಸುಟ್ಟೈತಿ"

ಪ್ಲಗ್ ಕಿತ್ತು, ಹೊಸ ಕಡ್ಡಿ ತೆಗೆದು, ಹಳೆಯದನ್ನು ಮೊದಲಿದ್ದ ಸ್ಲಾಟಿಗೇ ಹಾಕಿ ಆನ್ ಮಾಡಿ. ಪರದೆ ಬಂದರೆ ಬೋರ್ಡ್ ಬದುಕಿದೆ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು, ಆದರೂ ಇದನ್ನು ಮಾಡದೆಯೇ ತೀರ್ಪು ಕೊಡುವವರಿದ್ದಾರೆ. ಮುಂದೆ ಅದೇ ಸ್ಲಾಟಿಗೆ ಹೊಸದನ್ನು ಒಂದೇ ಹಾಕಿ ನೋಡಿ. ಬಂದರೆ ಕಡ್ಡಿ ಸರಿ, ಎರಡು ಕೂಡಿದಾಗಿನ ಸಮಸ್ಯೆ. ಬರದಿದ್ದರೆ ಹೊಸದನ್ನು ಇನ್ನೊಂದು ಸ್ಲಾಟಿನಲ್ಲಿ ನೋಡಿ. ಎರಡು ಕಡ್ಡಿ, ಎರಡು ಸ್ಲಾಟು ಇದ್ದಾಗ ಹೀಗೆ ಒಂದೊಂದಾಗಿ ಬದಲಿಸಿದರೆ ತಪ್ಪು ಎಲ್ಲಿದೆಯೆಂಬುದು ತಾನೇ ಹೊರಬೀಳುತ್ತದೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಎರಡು ಕಡ್ಡಿಗಳನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

ಬಹಳ ಸಲ ಕಡ್ಡಿ ಪೂರ್ತಿ ಕೂತಿರುವುದೇ ಇಲ್ಲ. ಕ್ಲಿಪ್ "ಟಕ್" ಎನ್ನುವವರೆಗೆ ಎರಡೂ ತುದಿಯನ್ನು ಸಮನಾಗಿ ಒತ್ತಬೇಕು. ಬೀಪ್ ಸದ್ದನ್ನು ಕೇಳಿ ಗಾಬರಿಯಾಗುವ ಬದಲು ಅದನ್ನು ಸುಳಿವೆಂದು ಹಿಡಿಯಬೇಕು. ಬೋರ್ಡಿಗೆ ಪ್ರಾಣವಿದೆ, ಅದು ರ‍್ಯಾಮ್ ಸಿಗುತ್ತಿಲ್ಲ ಎಂದು ಹೇಳುತ್ತಿದೆ ಎಂದೇ ಬಹುಪಾಲು ಅದರ ಅರ್ಥ. ಹಳೆಯ ಸೆಟ್ಟಿಂಗ್ ಅಡ್ಡ ಬರುತ್ತಿದ್ದರೆ, ಪ್ಲಗ್ ಕಿತ್ತ ಮೇಲೆ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟು ಹಾಕಿದರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ.

ಹೊಸ ಡಿಡಿಆರ್5 ಯಂತ್ರ ಕೊಂಡವರಿಗೆ ಬೇರೆಯದೇ ಎಚ್ಚರಿಕೆ ಬೇಕು. ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಬೂಟ್‌ನಲ್ಲಿ ಬೋರ್ಡು ಆ ಕಡ್ಡಿಗೆ ಸರಿಯಾದ ಸಮಯ, ವೋಲ್ಟೇಜುಗಳನ್ನು ಹುಡುಕಿಕೊಳ್ಳುತ್ತದೆ. ಆಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಆ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಕೆಲಸ ಮತ್ತೆ ಮೊದಲಿನಿಂದ. ಕಾಯಬೇಕು.

ಒಂದು ಸ್ಲಾಟು ಕೆಲಸ ಮಾಡದಿದ್ದರೂ ಸ್ಲಾಟೇ ಕೆಟ್ಟಿದೆ ಎಂದು ಹೇಳಲಾಗದು. ಮೆಮೊರಿಯನ್ನು ನಿಯಂತ್ರಿಸುವ ಭಾಗ ಎಎಂಡಿಯಲ್ಲಿ 2003ರಿಂದ, ಇಂಟೆಲ್‌ನಲ್ಲಿ 2008ರಿಂದ ಪ್ರೊಸೆಸರಿನ ಒಳಗೇ ಸೇರತೊಡಗಿತು. ಇಂಟೆಲ್ ಬೋರ್ಡಿನ ಸಾಕೆಟ್ಟಿನಲ್ಲಿ ಒಂದು ಪಿನ್ ಬಾಗಿದ್ದರೂ ಒಂದು ಸಾಲಿನ ರ‍್ಯಾಮ್ ಪೂರ್ತಿ ಕಾಣದೆ ಹೋಗಬಹುದು. ಪ್ರೊಸೆಸರಿನ ಫ್ಯಾನ್ ಬಿಚ್ಚಿ ಪೇಸ್ಟ್ ಹಚ್ಚಿದ ದಿನದಿಂದ ಈ ತೊಂದರೆ ಶುರುವಾಗಿದ್ದರೆ ಮೊದಲು ಅಲ್ಲಿ ನೋಡಬೇಕು.

"ರಬ್ಬರ್ ಹಚ್ಚಿ ತಿಕ್ಕಿದ್ರ ಎಲ್ಲಾ ಸರಿಹೋಗ್ತೈತಿ"

ಇದರಲ್ಲಿ ಅರ್ಧ ಸತ್ಯವಿದೆ. ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕೂತ ಕೊಳೆ ಹೋದರೆ ಸಂಪರ್ಕ ಸರಿಯಾಗುತ್ತದೆ, ಯಂತ್ರ ಎದ್ದೇಳುತ್ತದೆ. ನಮ್ಮ ಕಡೆ ಕೊಳೆಗೆ ಕೊರತೆಯಿಲ್ಲ. ಜೀನ್ಸ್ ಘಟಕಗಳಲ್ಲಿ ಬಟ್ಟೆಯ ನವಿರು ಎಳೆ, ಗಿರಣಿಗಳಲ್ಲಿ ಹೊಟ್ಟಿನ ಧೂಳು, ಅದಿರಿನ ಲಾರಿ ಓಡಾಡುವ ರಸ್ತೆಬದಿಯಲ್ಲಿ ಕೆಂಧೂಳು. ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ, ಪದೇಪದೇ ತಿಕ್ಕಿದರೆ ಚಿನ್ನದ ತೆಳು ಲೇಪವೇ ಸವೆಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ಹಚ್ಚಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕುವುದು ಮೇಲು. ಸ್ಲಾಟಿನ ಧೂಳನ್ನು ಬ್ಲೋವರಿನಿಂದ ಊದಬೇಕು, ಬಾಯಿಂದಲ್ಲ. ಉಗುಳಿನ ತೇವ ಪಿನ್ನುಗಳಿಗೆ ಒಳ್ಳೆಯದಲ್ಲ.

ರಬ್ಬರಿಗಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ಸ್ಥಿರ ವಿದ್ಯುತ್ತು. ಬಳ್ಳಾರಿಯ ಬೇಸಿಗೆಯ ಒಣ ಗಾಳಿಯಲ್ಲಿ ಅದು ಬೇಗ ಕೂಡಿಕೊಳ್ಳುತ್ತದೆ, ಪಾಲಿಯೆಸ್ಟರ್ ಅಂಗಿ ತೊಟ್ಟಿದ್ದರೆ ಇನ್ನೂ ಬೇಗ. ಬೆರಳಿಗೆ ಚುರುಕು ಎನ್ನಿಸಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ಪು ಹಾಳಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು, ನಮಗೆ ಗೊತ್ತೂ ಆಗುವುದಿಲ್ಲ. ಕಡ್ಡಿಯನ್ನು ಅಂಚಿನಲ್ಲಷ್ಟೇ ಹಿಡಿಯಿರಿ, ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಮುಟ್ಟಿ, ಅಂಗಡಿಯಿಂದ ತರುವಾಗ ಜೇಬಿಗೆ ಹಾಕಿಕೊಳ್ಳದೆ ಅದರದೇ ಚೀಲದಲ್ಲಿ ತನ್ನಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಗೋಡೆಯ ಮೂರನೆಯ ಪಿನ್ನಿಗೆ ಅರ್ಥಿಂಗ್ ಇಲ್ಲದಿರಬಹುದು. ಮೊದಲು ವಿದ್ಯುತ್ ಕೆಲಸದವರನ್ನು ಕರೆಸಿ, ಅದು ಮನುಷ್ಯರ ಜೀವದ ಪ್ರಶ್ನೆ.

"4 ಜಿಬಿ ಹಾಕಿಸಿದ್ರೂ 3.2 ತೋರಿಸ್ತೈತಿ, ಅಂಗಡಿಯವ ಮೋಸ ಮಾಡ್ಯಾನ"

ಮೋಸವಲ್ಲ. 32-ಬಿಟ್ ವಿಂಡೋಸ್ ಎಣಿಸಬಲ್ಲ ವಿಳಾಸಗಳು ಒಟ್ಟು 4 ಜಿಬಿಯಷ್ಟೇ. ಆ ವಿಳಾಸಗಳಲ್ಲೇ ಗ್ರಾಫಿಕ್ಸ್, ಸೌಂಡ್, ನೆಟ್‌ವರ್ಕ್, ಬಯಾಸ್ ಎಲ್ಲಕ್ಕೂ ಪಾಲು ಕೊಡಬೇಕು. ಉಳಿದದ್ದು ರ‍್ಯಾಮಿಗೆ, ಸಾಮಾನ್ಯವಾಗಿ 3.2ರಿಂದ 3.5. ಅಲ್ಲಿ 8 ಜಿಬಿ ಹಾಕಿದರೂ ಅಷ್ಟೇ ಸಿಗುತ್ತದೆ. ವಿಂಡೋಸ್ 7 ಹೋಂ ಬೇಸಿಕ್ 64-ಬಿಟ್ ಆಗಿದ್ದರೂ 8 ಜಿಬಿಗಿಂತ ಮೇಲೆ ಬಳಸದು.

ಇಲ್ಲೇ ಒಂದು ನಿಜವಾದ "ಕಾನ್‌ಫ್ಲಿಕ್ಟ್" ಕೂಡ ಇದೆ. ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್ 2008ರಲ್ಲಿ ಇದರ ಹಿನ್ನೆಲೆಯನ್ನು ವಿವರಿಸಿದ್ದರು: 4 ಜಿಬಿಗಿಂತ ಮೇಲಿನ ವಿಳಾಸ ಬರಬಹುದೆಂದು ಊಹಿಸದೆ ಬರೆದ ಆಡಿಯೊ, ವಿಡಿಯೊ ಡ್ರೈವರ್‌ಗಳಿಂದ ಯಂತ್ರಗಳು ಕುಸಿಯುತ್ತಿದ್ದುದೇ 32-ಬಿಟ್ ವಿಂಡೋಸಿಗೆ ಆ ಮಿತಿ ಹಾಕಲು ಕಾರಣ. ರ‍್ಯಾಮ್ ಏರಿಸಿದ ಮೇಲೆ ಹಳೆಯ ಟಿವಿ ಟ್ಯೂನರ್ ಕಾರ್ಡೋ ಸೌಂಡ್ ಕಾರ್ಡೋ ಕೈಕೊಟ್ಟರೆ ಡ್ರೈವರ್ ಮೇಲೆ ಅನುಮಾನ ಪಡುವುದು ನ್ಯಾಯ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಜತೆ "ಕೋಡ್ 12" ಎಂದಿದ್ದರೆ ಆ ಭಾಗಕ್ಕೆ ಬೇಕಾದ ಸಂಪನ್ಮೂಲ ಸಿಕ್ಕಿಲ್ಲ ಎಂದರ್ಥ. ಬಯಾಸಿನಲ್ಲಿ ಮೆಮೊರಿ ರೀಮ್ಯಾಪ್ ಆಯ್ಕೆ ಆನ್ ಇದೆಯೇ ನೋಡಿ, ಬಯಾಸ್ ಮತ್ತು ಡ್ರೈವರಿನ ಹೊಸ ಆವೃತ್ತಿ ಹುಡುಕಿ. ಪ್ರೊಸೆಸರಿನ ಗಮನ ಸೆಳೆಯಲು ಬಳಸುವ ಐಆರ್‌ಕ್ಯೂ ಸಂಖ್ಯೆ ಒಂದಕ್ಕೇ ಎರಡು ಕಾರ್ಡುಗಳು ಕಿತ್ತಾಡುತ್ತಿದ್ದ ಕಾಲ ಹೋಗಿದೆ. ರ‍್ಯಾಮ್ ಕಡ್ಡಿಗೆ ಐಆರ್‌ಕ್ಯೂ ಬೇಕಾಗುವುದೇ ಇಲ್ಲ.

64-ಬಿಟ್ ವಿಂಡೋಸಿಗೆ ಹೋಗುವುದು ದಾರಿ, ಆದರೆ ಅದಕ್ಕೆ ಬೆಲೆಯಿದೆ. ಡಾಸ್ ಕಾಲದ 16-ಬಿಟ್ ಲೆಕ್ಕದ ಪ್ಯಾಕೇಜುಗಳು ಅಲ್ಲಿ ಓಡುವುದಿಲ್ಲ. ಪ್ರಿಂಟರ್ ಪೋರ್ಟಿಗೆ ಚುಚ್ಚುವ ಲಾಕ್ ಇರುವ ಹಳೆಯ ಡಿಟಿಪಿ ತಂತ್ರಾಂಶಕ್ಕೂ ಹಳೆಯ ಸ್ಕ್ಯಾನರಿಗೂ 64-ಬಿಟ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಬೇಕು. ಗಿರಣಿಯ ವರ್ಷಗಳ ಲೆಕ್ಕ ಅದರಲ್ಲಿದ್ದರೆ, ಅದನ್ನು ಹೊರತೆಗೆಯುವ ಮೊದಲು ವಿಂಡೋಸ್ ಬದಲಿಸಲು ಯಾರಿಗೂ ಒಪ್ಪಬೇಡಿ.

ಎಂಎಸ್‌ಕಾನ್ಫಿಗ್‌ನಲ್ಲಿ "ಮ್ಯಾಕ್ಸಿಮಮ್ ಮೆಮೊರಿ"ಗೆ ಟಿಕ್ ಹಾಕಿದರೆ ರ‍್ಯಾಮ್ ಹೆಚ್ಚುತ್ತದೆ ಎಂಬುದು ಪೂರ್ತಿ ಸುಳ್ಳು. ಅದು ಮಿತಿ ಹಾಕುವ ಜಾಗ. ಯಾರಾದರೂ ಟಿಕ್ ಹಾಕಿದ್ದರೆ ತೆಗೆಯಿರಿ.

"ಫಾರ್ಮ್ಯಾಟ್ ಹೊಡೆದ್ರ ಸರಿಹೋಗ್ತೈತಿ"

ಅಪಾಯಕಾರಿ ನಂಬಿಕೆಯೆಂದರೆ ಇದೇ. ರ‍್ಯಾಮ್ ದೋಷದಿಂದ ನೀಲಿ ಪರದೆ ಬರುತ್ತಿದ್ದರೆ, ಅದೇ ರ‍್ಯಾಮಿನ ಮೂಲಕ ಹಾದು ಹೊಸ ವಿಂಡೋಸಿನ ಫೈಲುಗಳೂ ಡಿಸ್ಕಿಗೆ ಹೋಗುತ್ತವೆ, ಹೋಗುತ್ತಲೇ ಕೆಡಬಹುದು. ಹಳೆಯ ದಾಖಲೆಯೂ ಹೋಯಿತು, ರೋಗವೂ ಉಳಿಯಿತು. ಮೊದಲು ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ. ಇನ್ನೂ ಕಟ್ಟುನಿಟ್ಟಾಗಿ ನೋಡಬೇಕಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಯುಪಿಎಸ್ ಬೆಂಬಲವಿಟ್ಟು, ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ಬಂದರೂ ಒಂದೊಂದೇ ಕಡ್ಡಿಯನ್ನು ಬೇರೆಬೇರೆ ಪರೀಕ್ಷಿಸಿ, ದೋಷ ಬಂದ ಕಡ್ಡಿಯನ್ನು ವಾಪಸ್ ಕೊಡಿ.

ಫಾರ್ಮ್ಯಾಟಿನ ಅಗತ್ಯವೇ ಇಲ್ಲದ ಇನ್ನೊಂದು ಕಾರಣ ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಒತ್ತಿದರೂ ವಿಂಡೋಸ್ ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಏಳುತ್ತದೆ. ನಡುವೆ ರ‍್ಯಾಮ್ ಬದಲಾಗಿದ್ದರೆ ಎಡವಬಹುದು. ರ‍್ಯಾಮ್ ಹಾಕುವ ಮುಂಚೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೆ ಪೂರ್ತಿ ಆಫ್ ಆಗುತ್ತದೆ. ರ‍್ಯಾಮ್ ಏರಿಸಿದ ಮೇಲೆ ಸಿ ಡ್ರೈವಿನ ಜಾಗ ಕಡಿಮೆಯಾದರೆ ಅದು ವೈರಸ್ ಅಲ್ಲ. ವಿಂಡೋಸ್ 10ರಲ್ಲಿ ಹೈಬರ್ನೇಶನ್ ಫೈಲು ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟಿರುತ್ತದೆ, ಅಂದರೆ 16 ಜಿಬಿಗೆ 6 ಜಿಬಿಗೂ ಮಿಕ್ಕಿ.

ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸಾಲುವುದಿಲ್ಲ, ಅದನ್ನೂ ಬದಲಿಸಿ ಎಂದರೆ ಕಾರಣ ಕೇಳಿ. ಒಂದು ಕಡ್ಡಿ ಎಳೆಯುವುದು ಕೆಲವೇ ವಾಟ್. ಹೆಚ್ಚು ರ‍್ಯಾಮ್ ಹಾಕಿದರೆ ವಿಂಡೋಸ್ 11 ಬರುತ್ತದೆ ಎಂಬ ಮಾತನ್ನೂ ನಂಬಬೇಡಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ನಿಜ, ಆದರೆ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಎಚ್61 ಬೋರ್ಡಿಗೆ ಎಷ್ಟು ರ‍್ಯಾಮ್ ತುಂಬಿದರೂ ಅದು ಆ ಪಟ್ಟಿಗೆ ಸೇರದು. ಅಂಥ ಯಂತ್ರದಲ್ಲಿ ಇನ್ನೂ ಹಾರ್ಡ್ ಡಿಸ್ಕೇ ಇದ್ದರೆ, ಮೊದಲ ಖರ್ಚು ರ‍್ಯಾಮಿಗಲ್ಲ, ಎಸ್‌ಎಸ್‌ಡಿಗೆ ಆಗಲಿ.

ಕೊಳ್ಳುವಾಗ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬೋರ್ಡ್ ಹೋಗಿದೆ ಎಂದು ಯಾರಾದರೂ ಹೇಳಿದರೆ, ಹಳೆಯ ಕಡ್ಡಿಯೊಂದನ್ನೇ ಹಾಕಿ ನಿಮ್ಮೆದುರೇ ಆನ್ ಮಾಡಿ ತೋರಿಸಲು ಕೇಳಿ. ಅದಕ್ಕಾಗಿ ಹಳೆಯ ರ‍್ಯಾಮನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ.