ಹಳೆಯ ಕಾರಿಗೆ ಹೊಸ ಶಾಕ್ ಅಬ್ಸಾರ್ಬರು

ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲಿನಲ್ಲಿ ಹಳೆಯ ಅಂಬಾಸಿಡರ್ ಕಾರೊಂದು ರಸ್ತೆಯ ಉಬ್ಬನ್ನು ದಾಟಿತೆನ್ನೋಣ. ಉಬ್ಬು ಹಿಂದುಳಿದರೂ ಕಾರಿನ ಕುಣಿತ ನಿಲ್ಲದಿದ್ದರೆ ಶಾಕ್ ಅಬ್ಸಾರ್ಬರು ಸೋತಿದೆಯೆಂದೇ ನಾವು ತಿಳಿಯಬೇಕು.

ಕಾರಿನ ಭಾರವನ್ನು ಹೊರುವುದು ಇದೇ ಎಂದು ಹಲವರ ನಂಬಿಕೆ. ಭಾರ ಹೊರುವುದು ಸ್ಪ್ರಿಂಗು. ಅಂಬಾಸಿಡರಿನ ಹಿಂಬದಿಯಲ್ಲಿ ಅದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಅದುಮಿದ ಸ್ಪ್ರಿಂಗು ತಾನು ಪಡೆದ ಶಕ್ತಿಯನ್ನು ಮರಳಿಸುತ್ತದೆ. ಕುಣಿತದ ಮೂಲ ಇದೇ. ಶಾಕ್ ಅಬ್ಸಾರ್ಬರಿನೊಳಗೆ ಪಿಸ್ಟನ್ನು ಎಣ್ಣೆಯನ್ನು ಕಿರುರಂಧ್ರಗಳ ಮೂಲಕ ನೂಕುವಾಗ ಆ ಶಕ್ತಿಯು ಶಾಖವಾಗಿ ಮಾರ್ಪಟ್ಟು ಕಂಪನವು ಅಡಗುತ್ತದೆ. ಎಣ್ಣೆ ಸೋರಿಹೋದರೆ ಗಾಲಿಯು ನೆಲಬಿಟ್ಟು ಪುಟಿಯುವುದು. ಆಗ ಬ್ರೇಕು ಒತ್ತಿದರೂ ಕಾರು ಬೇಗನೆ ನಿಲ್ಲದು.

ಹಾಗಾದರೆ ಅತಿ ಬಿಗಿಯಾದುದನ್ನೇ ಕೊಳ್ಳೋಣವೆ? ಕೂಡದು. ಕುಣಿತವೇನೋ ನಿಲ್ಲುತ್ತದೆ, ಆದರೆ ಪ್ರತಿಯೊಂದು ಕಲ್ಲಿನ ಪೆಟ್ಟೂ ಕುಳಿತವರ ಬೆನ್ನಿಗೆ ತಾಕುತ್ತದೆ! ಅನಿಲ ತುಂಬಿದ ಬಗೆಯಲ್ಲಿ ಎಣ್ಣೆಯು ಸುಲಭವಾಗಿ ನೊರೆಗಟ್ಟದು, ವೇಗದ ಓಟಕ್ಕೆ ಅದು ಲೇಸು. ಆದರೆ ತುಸು ಬಿಗಿ. 2014ರಲ್ಲಿ ತಯಾರಿಕೆ ನಿಂತ ಈ ನಿಧಾನದ ಕಾರಿಗೆ, ಸುಖಪ್ರಯಾಣವೇ ಗುರಿಯಾದರೆ, ಮೂಲ ಅಳತೆಯ ಎಣ್ಣೆಯ ಬಗೆಯೇ ಸಾಕೆಂದು ನಮ್ಮ ಅಭಿಪ್ರಾಯ. ಒಂದೇ ಅಚ್ಚಿನ ಎರಡೂ ಬದಿಗೆ ಒಟ್ಟಿಗೆ ಹಾಕಿಸತಕ್ಕದ್ದು. ಅದಕ್ಕೂ ಮೊದಲು ಟೈರಿನ ಗಾಳಿಯನ್ನೂ ರಬ್ಬರ್ ಬುಷ್‌ಗಳ ಸವೆತವನ್ನೂ ನೋಡಿರಿ, ಹಣ ಉಳಿದೀತು. ಹಾಕಿಸಿದ ತರುವಾಯ ಕಾರಿನ ಮೂಲೆಯೊಂದನ್ನು ಬಲವಾಗಿ ಅದುಮಿ ಬಿಡಿ: ಒಮ್ಮೆ ಮೇಲೆದ್ದು ಕೂಡಲೇ ನೆಲೆಗೊಳ್ಳಬೇಕು.